ಬಿಟ್ಟು ಬಿಡದ ಹಾಗೆ

ನಮ್ಮ ಶೆಡ್ಡಿನಲ್ಲಿ ಅದನ್ನು ಬಿಟ್ಟು ಎನ್ನುತ್ತೇವೆ.
ಮರ ಕೊರೆಯುವ ಉಕ್ಕಿನ ಹಲ್ಲು, ಕಿರುಬೆರಳಿಗಿಂತ ಸಪೂರ.
ಹೆಸರಲ್ಲೇ ಬಿಡುವುದಿದೆ, ನೀನು ಹಿಡಿದಿಡುವುದು ಹೇಗೆ ಸುಗಂಧಾ,
ಎಂದು ಉಳಿ ಮಸೆಯುತ್ತ ನಗುತ್ತಾನೆ ವಾಮನ ಗುಡಿಗಾರ.
ನನಗೆ ನಗು ಬರುವುದಿಲ್ಲ.
ನಿನ್ನೆ ರಾತ್ರಿ ಅದು ಬಿಟ್ಟಿದೆ.

ಬೈತಖೋಲದ ತಾಂಡೇಲರ ಹೊಸ ಬೋಟಿಗೆ ಹೆಸರಿನ ಹಲಗೆ.
ಸಾಗುವಾನಿ, ಮುಕ್ಕಾಲು ಇಂಚು ದಪ್ಪ.
ಸಾಗರ ಸಂಜೀವಿನಿ.
'ಸಾಗರ' ಚೊಕ್ಕವಾಗಿ ಬಂತು. ನಾನು ಚಾ ಕುಡಿಯಲು ಹೋದೆ.
ಆ ಐದು ನಿಮಿಷ ನನ್ನ ಲೆಕ್ಕಕ್ಕೇ ಇರಲಿ.
ಮರಳಿದಾಗ ಮಷೀನಿನ ದನಿ ಬೇರೆ,
ನಿದ್ದೆಯಲ್ಲಿ ಯಾರೋ ಹಲ್ಲು ಕಡಿದಂತೆ,
ಸುಟ್ಟ ಮರದ ಕಮಟು ಬಾಗಿಲವರೆಗೂ.
'ಸ'ದ ಪಕ್ಕದ ಸೊನ್ನೆಯಲ್ಲಿ ಇಳಿದು, ಇಳಿದು,
ಹಲಗೆ ದಾಟಿ
ಕೆಳಗಿನ ಪ್ಲೈವುಡ್ಡಿನಲ್ಲೂ ಒಂದು ಸೊನ್ನೆ ಬರೆದಿತ್ತು.

ಅದರ ಮೈಯ ಸುರುಳಿ ಹೊಟ್ಟನ್ನು ಮೇಲಕ್ಕೆ ಎಸೆಯುತ್ತದಲ್ಲ,
ಎಸೆಯುತ್ತ ಎಸೆಯುತ್ತ
ತನ್ನನ್ನೇ ಕೆಳಕ್ಕೆ ಎಳೆದುಕೊಳ್ಳುತ್ತದೆ.
ಯಾರೂ ನೂಕಬೇಕಿಲ್ಲ.

ಇನ್ನೂ ಬಿಗಿ ಮಾಡಿ ಮೇಡಂ, ಎಂದ ಹುಬ್ಬಳ್ಳಿಯ ಅಂಗಡಿಯವ ಫೋನಿನಲ್ಲಿ.
ಮಾಡಿದೆ. ಎರಡು ಸ್ಪ್ಯಾನರ್, ಮೈಯ ಭಾರವೆಲ್ಲ,
ಕೊನೆಗೆ ಪೈಪು ಸಿಕ್ಕಿಸಿ.
ಅಂಗೈಯಲ್ಲಿ ಬೊಕ್ಕೆ ಎದ್ದಿತು.
ಬಿಟ್ಟು ಮತ್ತೆ ಜಾರಿತು, ಏನೂ ಆಗದವರ ಹಾಗೆ.

ಆಮೇಲೆ ಬಿಚ್ಚಿ ನೋಡಿದೆ. ಮೊದಲೇ ನೋಡಬೇಕಿತ್ತು.
ಕಾರವಾರದ ಗಾಳಿ ಬೀಗದೊಳಗೂ ಹೋಗುತ್ತದೆ, ಸಕ್ಕರೆ ಡಬ್ಬಿಗೂ ಹೋಗುತ್ತದೆ,
ಚಕ್ಕಿನೊಳಗೆ ಹೋಗದೆ ಇರುತ್ತದೆಯೇ?
ಕಾಲೆಟ್ಟಿನ ಸೀಳುಗಳಲ್ಲಿ ಕೆಂಪು ತುಕ್ಕು,
ಅದರ ಮೇಲೆ ಸಾಗುವಾನಿಯ ಜಿಡ್ಡು, ಹಳೇ ಬಾಣಲೆಯ ತಳದ ಹಾಗೆ.
ಸೀಮೆಎಣ್ಣೆ, ಹಿತ್ತಾಳೆಯ ಬ್ರಷ್ಷು, ಅರ್ಧ ತಾಸು.
ಬೆಳಕಿಗೆ ಹಿಡಿದಾಗ ಇನ್ನೊಂದು ಕಂಡಿತು:
ಆರು ಮಿಲಿಮೀಟರಿನ ಕಾಲಿಗೆ
ಕಾಲಿಂಚಿನ ಚಪ್ಪಲಿ.
ನಡುವೆ ಉಗುರಿನ ದಪ್ಪಕ್ಕೂ ಕಡಿಮೆ ಜಾಗ.
ಅಷ್ಟರಲ್ಲೇ ನನ್ನ ಸೊನ್ನೆ ಬಿದ್ದುಹೋಗಿತ್ತು.

ತಾಂಡೇಲರು ಬಂದು ಹಲಗೆ ಎತ್ತಿ ತೂತಿಗೆ ಕಣ್ಣಿಟ್ಟರು.
ಬೈಗುಳ ಕಾದು ನಿಂತವಳಿಗೆ ಸಿಕ್ಕಿದ್ದು ಪ್ರಶ್ನೆ:
ಎಷ್ಟು ಒಳಗೆ ಕೊಟ್ಟಿದ್ದೆ ಅದನ್ನು?
ಅರ್ಧ ಇಂಚು, ಎಂದೆ. ಅದಕ್ಕೂ ಕಡಿಮೆಯಿತ್ತು.
ಲಂಗರು ಜಾರಿದರೆ ಕಬ್ಬಿಣ ಸಣ್ಣದಾಯಿತೆನ್ನುತ್ತಾರೆ ಹುಡುಗರು,
ಹಗ್ಗ ಗಿಡ್ಡವಾಗಿರುತ್ತದೆ ತಂಗಿ,
ಇಲ್ಲವೇ ಅಡಿಯಲ್ಲಿ ಬರೀ ಕಲ್ಲು.
ಇಷ್ಟು ಹೇಳಿ, ಬಿಲ್ಲಿನಲ್ಲಿ ಇನ್ನೂರು ಕಡಿದು,
ಹಲಗೆಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೊರಟರು.
ತೂತು ಮುಚ್ಚಿಕೊಡುತ್ತೇನೆಂದ ವಾಮನಣ್ಣನಿಗೆ ಬೇಡವೆಂದರು.

ಈಗ ಅಳತೆಯ ಕಾಲೆಟ್ಟು, ಒಣ ಬಟ್ಟೆಯಲ್ಲಿ ಒರೆಸಿದ ಬಿಟ್ಟು.
ಮೊದಲು ಕಾಲೆಟ್ಟನ್ನು ನಟ್ಟಿನೊಳಗೆ ಟಕ್ಕೆಂದು ಕೂರಿಸಿ,
ತಳ ಮುಟ್ಟುವ ತನಕ ಬಿಟ್ಟನ್ನು ಕೊಟ್ಟು,
ಅಕ್ಕಿಕಾಳಿನಷ್ಟು ಹಿಂದಕ್ಕೆಳೆದು,
ಸಾಕೆನ್ನುವಷ್ಟೇ ಬಿಗಿ.
ಬಿಟ್ಟಿನಿಂದ ನಟ್ಟಿನವರೆಗೆ ಒಂದು ಗೆರೆ ಎಳೆಯುತ್ತೇನೆ,
ಅಕ್ಕನ ಮದುವೆಯಲ್ಲಿ ಉಳಿದ ಉಗುರುಬಣ್ಣದಲ್ಲಿ.
ಗೆರೆ ಮುರಿದಿದ್ದರೆ ಜಾರಿದೆ.
ಮಷೀನಿಗೂ ಸಿಂಗಾರವೇ? ಎನ್ನುತ್ತಾನೆ ಮುದುಕ.
ಅವನ ಉಳಿಗೆ ನಟ್ಟಿಲ್ಲ, ಕಾಲೆಟ್ಟಿಲ್ಲ,
ಐವತ್ತು ವರ್ಷದ ಹೆಬ್ಬೆರಳು ಮಾತ್ರ.
ಅದರ ಮೇಲೂ ಮೂರು ಗಾಯದ ಗುರುತಿವೆ.
ಕೇಳಿದರೆ, ಚಾ ಕುಡಿಯಲು ಹೋಗಿದ್ದೆ ಎನ್ನುತ್ತಾನೆ.

ಬೋಟು ನೀರಿಗಿಳಿದು ತಿಂಗಳಾಯಿತು.
ಪಡುಗಾಳಿ ಬಲವಾದ ದಿನ
ಆ ಸೊನ್ನೆ ಊದುತ್ತದಂತೆ, ಸಣ್ಣಗೆ, ಸೀಟಿಯ ಹಾಗೆ.
ಖಲಾಸಿಗಳು ಅದನ್ನು ಕೇಳಿಯೇ ಬಲೆ ಎತ್ತಲು ಶುರುಮಾಡುತ್ತಾರಂತೆ.
ಇದ್ದರೂ ಇರಬಹುದು. ಇನ್ನೂರು ರೂಪಾಯಿಯಂತೂ ಮರಳಿ ಬಂದಿಲ್ಲ.

ನಾನು ಈಗ ಚಾ ಕುಡಿಯುವುದು ಮಷೀನಿನ ಪಕ್ಕದಲ್ಲಿ.
ಲೋಟಕ್ಕೆ ಹೊಟ್ಟು ಬೀಳುತ್ತದೆ.
ಕೆಂಪು ಗೆರೆಯ ಮೇಲೆ ಒಂದು ಕಣ್ಣಿಟ್ಟು
ಊದಿ ಊದಿ ಕುಡಿಯುತ್ತೇನೆ.